ಕಣ್ಣಿನಲ್ಲಿ ಲಾಡಿಹುಳು: ಮಾತ್ರೆಗಿಂತ ಮೊದಲು ತಪಾಸಣೆ ಏಕೆ?

ಪ್ರತಿವರ್ಷ ಫೆಬ್ರುವರಿ 10 ಬಂತೆಂದರೆ ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳಿಗೆ ಆಲ್ಬೆಂಡಜೋಲ್ ಮಾತ್ರೆ ನೀಡಲಾಗುತ್ತದೆ. 2015ರಲ್ಲಿ ಶುರುವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಿಂದಾಗಿ ಈ ಮಾತ್ರೆ ಎಲ್ಲರಿಗೂ ಪರಿಚಿತ. ಕರುಳಿನ ಜಂತುಹುಳುಗಳಿಗೆ ಇದು ಒಳ್ಳೆಯ ಔಷಧ. ಮಕ್ಕಳಿಗೆ ಕೊಡಿಸಲು ಹಿಂಜರಿಯಬೇಡಿ. ಆದರೆ ಹುಳು ಕಣ್ಣಿನಲ್ಲಿದೆ ಎಂಬ ಅನುಮಾನವಿದ್ದಾಗ ವೈದ್ಯರನ್ನು ಕೇಳದೆ ಇದನ್ನು ನುಂಗಬಾರದು. ಏಕೆ ಎಂಬುದನ್ನು ನೋಡೋಣ.

ಹುಳು ಕಣ್ಣಿಗೆ ಹೇಗೆ ಬರುತ್ತದೆ?

ಟೀನಿಯಾ ಸೋಲಿಯಂ ಎಂಬ ಲಾಡಿಹುಳುವಿನ ಬದುಕು ಹಂದಿ ಮತ್ತು ಮನುಷ್ಯರ ನಡುವೆ ಸಾಗುತ್ತದೆ. ಸರಿಯಾಗಿ ಬೇಯದ, ಸೋಂಕಿರುವ ಹಂದಿಮಾಂಸ ತಿಂದವರ ಕರುಳಿನಲ್ಲಿ ಹುಳು ಬೆಳೆಯುತ್ತದೆ. ಅದರ ಮೊಟ್ಟೆಗಳು ಮಲದಲ್ಲಿ ಹೊರಬರುತ್ತವೆ. ಕಲುಷಿತ ನೀರು, ಹಸಿ ತರಕಾರಿ ಅಥವಾ ತೊಳೆಯದ ಕೈಗಳ ಮೂಲಕ ಆ ಮೊಟ್ಟೆಗಳು ಯಾರದೇ ಹೊಟ್ಟೆ ಸೇರಿದರೂ ಒಡೆದು ಮರಿಗಳಾಗುತ್ತವೆ. ಮರಿಗಳು ರಕ್ತದೊಂದಿಗೆ ಹರಿದು ಮೆದುಳು, ಸ್ನಾಯು, ಕಣ್ಣುಗಳಲ್ಲಿ ನೀರುಗುಳ್ಳೆಗಳಾಗಿ ನೆಲೆಸುತ್ತವೆ. ಇದೇ ಸಿಸ್ಟಿಸರ್ಕೋಸಿಸ್.

‘ನಾವು ಸಸ್ಯಾಹಾರಿಗಳು, ನಮಗೇಕೆ ಬರುತ್ತದೆ?’ ಎಂದು ಕೇಳುವವರಿಗೆ ಉತ್ತರ ಇಲ್ಲೇ ಇದೆ. ಈ ಗುಳ್ಳೆಗಳಿಗೆ ಕಾರಣ ನೀವು ತಿಂದ ಮಾಂಸವಲ್ಲ, ಮಲದಿಂದ ಬಂದ ಮೊಟ್ಟೆ.

ಗೂಡಿನಲ್ಲೋ, ಗುಡ್ಡೆಯೊಳಗೋ?

ಚಿಕಿತ್ಸೆ ನಿರ್ಧಾರವಾಗುವುದು ಈ ಪ್ರಶ್ನೆಯ ಮೇಲೆ. ಭಾರತದಲ್ಲಿ ಹೆಚ್ಚಾಗಿ ಕಾಣುವುದು ಕಣ್ಣಿನ ಗೂಡಿನಲ್ಲಿ, ಅಂದರೆ ಕಣ್ಣುಗುಡ್ಡೆಯನ್ನು ಹೊರಳಿಸುವ ಸ್ನಾಯುಗಳಲ್ಲಿ, ಕೂರುವ ಗುಳ್ಳೆ. ಆಗ ಕಣ್ಣು ಊದಿಕೊಂಡು ಕೆಂಪಾಗುತ್ತದೆ, ಹೊರಳಿಸಿದರೆ ನೋಯುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ರೆಪ್ಪೆ ಜೋತುಬೀಳಬಹುದು. ಇದಕ್ಕೆ ಸಾಮಾನ್ಯವಾಗಿ ಆಲ್ಬೆಂಡಜೋಲ್ ಜೊತೆಗೆ ಸ್ಟಿರಾಯ್ಡ್ ಅನ್ನು ಕೆಲವು ವಾರಗಳ ಕಾಲ ಕೊಡುತ್ತಾರೆ. ಬಹಳಷ್ಟು ಜನ ಗುಣವಾಗುತ್ತಾರೆ.

ಗುಳ್ಳೆ ಕಣ್ಣುಗುಡ್ಡೆಯೊಳಗೆ, ರೆಟಿನಾದ ಕೆಳಗೆ ಅಥವಾ ಅದರ ಮುಂದಿನ ಲೋಳೆಯಲ್ಲಿ ಇದ್ದರೆ ಲೆಕ್ಕವೇ ಬೇರೆ. ಬದುಕಿರುವ ಹುಳು ದೇಹದ ರಕ್ಷಣಾ ವ್ಯವಸ್ಥೆಯ ಕಣ್ಣು ತಪ್ಪಿಸಿಕೊಂಡಿರುತ್ತದೆ. ಅದು ಸತ್ತಾಗ ಹೊರಬೀಳುವ ಪ್ರೋಟೀನುಗಳ ವಿರುದ್ಧ ದೇಹ ತಿರುಗಿಬಿದ್ದು ತೀವ್ರ ಉರಿಯೂತವಾಗುತ್ತದೆ. ಸ್ನಾಯುವಿನ ಊತವನ್ನು ಸ್ಟಿರಾಯ್ಡ್‌ನಿಂದ ಹತೋಟಿಗೆ ತರಬಹುದು. ರೆಟಿನಾ ಹಾಳಾದರೆ ದೃಷ್ಟಿ ಮರಳದಿರಬಹುದು. ಆದ್ದರಿಂದ ಇಲ್ಲಿ ಹುಳುವನ್ನು ಶಸ್ತ್ರಚಿಕಿತ್ಸೆಯಿಂದ ಹೊರತೆಗೆಯುವುದೇ ಮುಖ್ಯ ದಾರಿ. ಮೆದುಳಿನ ಸಿಸ್ಟಿಸರ್ಕೋಸಿಸ್‌ಗೆ ಔಷಧ ಆರಂಭಿಸುವ ಮೊದಲೂ ಕಣ್ಣಿನ ಒಳಭಾಗವನ್ನು ಪರೀಕ್ಷಿಸಬೇಕೆಂದು ಚಿಕಿತ್ಸಾ ಮಾರ್ಗಸೂಚಿಗಳು ಹೇಳುತ್ತವೆ.

ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ 2019ರಲ್ಲಿ ಪ್ರಕಟಿಸಿದ ಭಾರತದ ಪ್ರಕರಣವೊಂದು ಈ ಇಕ್ಕಟ್ಟನ್ನು ತೋರಿಸುತ್ತದೆ. ಫಿಟ್ಸ್‌ನೊಂದಿಗೆ ಬಂದ 18 ವರ್ಷದ ಯುವಕನ ಮೆದುಳಿನ ತುಂಬ ಗುಳ್ಳೆಗಳಿದ್ದವು, ಬಲಗಣ್ಣಿನಲ್ಲೂ ಇದ್ದವು. ಹುಳು ಕೊಲ್ಲುವ ಔಷಧ ಕೊಟ್ಟರೆ ಉರಿಯೂತ ಹೆಚ್ಚಿ ದೃಷ್ಟಿ ಹೋಗಬಹುದೆಂದು ವೈದ್ಯರು ಅದನ್ನು ಕೊಡಲಿಲ್ಲ. ಸ್ಟಿರಾಯ್ಡ್ ಮತ್ತು ಫಿಟ್ಸ್ ಔಷಧ ಕೊಟ್ಟರೂ ಎರಡು ವಾರಗಳಲ್ಲಿ ಆತ ತೀರಿಕೊಂಡ. ಇಷ್ಟು ಮುಂದುವರಿದ ಮೇಲೆ ವೈದ್ಯರ ಕೈಯಲ್ಲಿ ಉಳಿಯುವ ದಾರಿಗಳು ಕಡಿಮೆ.

ನೀವು ಏನು ಮಾಡಬೇಕು?

ಊತ, ಎರಡಾಗಿ ಕಾಣುವುದು, ದೃಷ್ಟಿ ಮಂಜಾಗುವುದು, ಕಣ್ಣೆದುರು ಏನೋ ತೇಲಿದಂತಾಗುವುದು ಕಂಡರೆ ನೇತ್ರತಜ್ಞರನ್ನು ಕಾಣಿ. ಇವು ಬೇರೆ ಕಾಯಿಲೆಗಳ ಲಕ್ಷಣವೂ ಆಗಿರಬಹುದು. ಕಣ್ಣಿನ ಅಲ್ಟ್ರಾಸೌಂಡ್‌ನಲ್ಲಿ ಗುಳ್ಳೆಯೂ ಒಳಗಿನ ಹುಳುವಿನ ತಲೆಯೂ ಕಾಣಬಹುದು. ಮೆದುಳಿನಲ್ಲೂ ಗುಳ್ಳೆಗಳಿವೆಯೇ ಎಂದು ತಿಳಿಯಲು ಸ್ಕ್ಯಾನ್ ಬೇಕಾಗುತ್ತದೆ. ಫಿಟ್ಸ್ ಬಂದಿದ್ದರೆ ಮರೆಯದೆ ಹೇಳಿ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ಮಾತ್ರೆ ತರಬೇಡಿ. ವೈದ್ಯರು ಬರೆದುಕೊಟ್ಟಿದ್ದನ್ನು ಅರ್ಧಕ್ಕೆ ಬಿಡಲೂಬೇಡಿ.

ತಡೆಗಟ್ಟುವುದು ಒಬ್ಬರಿಂದಾಗುವ ಕೆಲಸವಲ್ಲ. ಶೌಚದ ನಂತರ, ಅಡುಗೆಗೆ ಮೊದಲು ಸೋಪಿನಿಂದ ಕೈತೊಳೆಯುವುದು, ತರಕಾರಿ ತೊಳೆದು ಬೇಯಿಸುವುದು, ಹಂದಿಮಾಂಸವನ್ನು ಪೂರ್ತಿ ಬೇಯಿಸುವುದು ನಮ್ಮ ಪಾಲು. ಚರಂಡಿ ನೀರು ತರಕಾರಿ ಹೊಲಕ್ಕೆ ಹರಿಯದಂತೆ, ಹಂದಿಗಳು ಮಲದ ನಡುವೆ ಅಲೆಯದಂತೆ ನೋಡಿಕೊಳ್ಳುವುದು ಆಡಳಿತದ ಪಾಲು. ಹಂದಿಗಳಿಗೆ ಲಸಿಕೆಯೂ ಇದೆ. ಅದನ್ನು ತಯಾರಿಸುವುದು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್. ಮಾತ್ರೆ ಹಂಚುವ ಶ್ರದ್ಧೆ ಚರಂಡಿಯ ವಿಷಯದಲ್ಲೂ ಇದ್ದರೆ ಮೊಟ್ಟೆ ಕಣ್ಣಿನವರೆಗೆ ಬರುವ ದಾರಿಯೇ ಮುಚ್ಚುತ್ತದೆ.