ನವೋದಯದ ಸೀಟು ಯಾರ ಪಾಲಿಗೆ?



ನವೋದಯ ಪ್ರವೇಶ ಪರೀಕ್ಷೆಯ ಫಲಿತಾಂಶ ಬಂದ ವಾರ ನಮ್ಮ ಕಡೆಯ ಪತ್ರಿಕೆಗಳ ಜಿಲ್ಲಾ ಪುಟ ನೋಡಬೇಕು. ಅಂಚೆಚೀಟಿಯಷ್ಟು ಫೋಟೊಗಳಲ್ಲಿ ಸಾಲುಸಾಲು ಮಕ್ಕಳು. ಮೇಲೆ ಕೋಚಿಂಗ್ ಸೆಂಟರಿನ ಹೆಸರು, ಕೆಳಗೆ ಮೊಬೈಲ್ ನಂಬರು. ಆ ಮಗು ಐದನೇ ತರಗತಿ ಓದಿದ ಶಾಲೆಯ ಹೆಸರು ಮಾತ್ರ ಎಲ್ಲೂ ಕಾಣುವುದಿಲ್ಲ. ಜಾಗ ಸಾಲದೆ ಬಿಟ್ಟಿದ್ದಲ್ಲ ಅದು.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕಾಲದಲ್ಲಿ ನವೋದಯ ಶಾಲೆಗಳು ಬಂದಿದ್ದೇ ಹಳ್ಳಿಯ ಜಾಣ ಮಕ್ಕಳಿಗಾಗಿ. ಒಂದು ಶಾಲೆಗೆ ಆರನೇ ತರಗತಿಯಲ್ಲಿ ಹೆಚ್ಚೆಂದರೆ 80 ಸೀಟು. ಅದರಲ್ಲಿ ಕನಿಷ್ಠ ಶೇ 75 ಗ್ರಾಮೀಣ ಮಕ್ಕಳಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಊಟ, ವಸತಿ, ಪುಸ್ತಕ, ಸಮವಸ್ತ್ರ ಎಲ್ಲ ಉಚಿತ. ಜಿಲ್ಲೆಗೊಂದರಂತೆ ಇರುವ ಶಾಲೆಗೆ ನೂಕುನುಗ್ಗಲು ಆಗದೆ ಇರುತ್ತದೆಯೇ? ಅದಕ್ಕೆ ನನ್ನ ತಕರಾರಿಲ್ಲ. ಗ್ರಾಮೀಣರ ಪಾಲು ಕಾಗದದ ಮೇಲಷ್ಟೇ ಗ್ರಾಮೀಣವಾಗಿ ಉಳಿಯುತ್ತಿದೆಯಲ್ಲ, ತಕರಾರು ಅದಕ್ಕೆ.

ಗ್ರಾಮೀಣ ಮೀಸಲಾತಿ ಬೇಕಾದರೆ ಮಗು ಮೂರು, ನಾಲ್ಕು, ಐದನೇ ತರಗತಿಗಳನ್ನು ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ನಿಯಮ ಚೊಕ್ಕವಾಗಿದೆ. ಆದರೆ ಎಷ್ಟೋ ಮಕ್ಕಳ ಹೆಸರು ಊರಿನ ಶಾಲೆಯ ಹಾಜರಿ ಪುಸ್ತಕದಲ್ಲಿ, ಮಗು ಪಟ್ಟಣದ ಬಾಡಿಗೆ ಕಟ್ಟಡದಲ್ಲಿ. ವಿಜಯಪುರ, ಬಾಗಲಕೋಟೆ ಸೀಮೆಯಲ್ಲಿ ಇದು ಗುಟ್ಟೇನಲ್ಲ. ‘ನವೋದಯ, ಸೈನಿಕ, ಮೊರಾರ್ಜಿ, ಕಿತ್ತೂರು – ವಸತಿಯುತ ತರಬೇತಿ’ ಎಂಬ ಬೋರ್ಡು ಬಸ್ ಸ್ಟ್ಯಾಂಡ್ ಎದುರಿಗೇ ಇರುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತರವರೆಗೆ ಮಾದರಿ ಪ್ರಶ್ನೆಪತ್ರಿಕೆ ಬಿಡಿಸುವ ಮಗು ತನ್ನೂರಿನ ಶಾಲೆಗೆ ಹೋಗುವುದು ಯಾವಾಗ? ದಾಖಲೆಯಲ್ಲಿ ಮಾತ್ರ ಆ ಮಗು ದಿನವೂ ಹಾಜರು, ಬಿಸಿಯೂಟದ ಲೆಕ್ಕದಲ್ಲಿ ಅದರ ಪಾಲಿನ ಅನ್ನವೂ ಬೆಂದಿರುತ್ತದೆ.

ಮುಖ್ಯ ಶಿಕ್ಷಕರನ್ನು ಬೈಯುವುದು ಸುಲಭ. ಗೈರುಹಾಜರಿ ಹಾಕಿ ಹೆಸರು ತೆಗೆದರೆ ಮಕ್ಕಳ ಸಂಖ್ಯೆ ಇಳಿಯುತ್ತದೆ, ಸಂಖ್ಯೆ ಇಳಿದರೆ ಒಬ್ಬ ಶಿಕ್ಷಕರು ‘ಹೆಚ್ಚುವರಿ’ ಆಗಿ ಬೇರೆ ಕಡೆ ಹೋಗಬೇಕಾಗುತ್ತದೆ. ಮೇಲಾಗಿ ಮಗುವಿನ ಅಪ್ಪ ಶಾಲಾಭಿವೃದ್ಧಿ ಸಮಿತಿಯಲ್ಲಿ (ಎಸ್‌ಡಿಎಂಸಿ) ಇರುವವನೋ, ಇರುವವನ ತಮ್ಮನೋ ಆಗಿರುತ್ತಾನೆ. ಸಹಿ ಬೀಳುತ್ತದೆ.

ಇನ್ನು ಪರೀಕ್ಷೆಯ ವಿಷಯ. ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅರ್ಧದಷ್ಟು, ಅಂದರೆ 40 ಪ್ರಶ್ನೆ, ಮಾನಸಿಕ ಸಾಮರ್ಥ್ಯದ್ದು: ಗುಂಪಿಗೆ ಸೇರದ ಚಿತ್ರ ಯಾವುದು, ಕನ್ನಡಿಯಲ್ಲಿ ಈ ಆಕೃತಿ ಹೇಗೆ ಕಾಣುತ್ತದೆ, ಮಡಚಿ ತೂತು ಮಾಡಿದ ಕಾಗದ ಬಿಚ್ಚಿದರೆ ಹೇಗಿರುತ್ತದೆ. ಅಕ್ಷರದ ಹಂಗಿಲ್ಲದ ಇಂಥ ಪ್ರಶ್ನೆ ಇಟ್ಟದ್ದೇ ಹಳ್ಳಿಯ ಮಗು ಹಿಂದೆ ಬೀಳಬಾರದೆಂದು. ಆಗಿದ್ದು ತಿರುಗುಮುರುಗು. ಐದನೇ ತರಗತಿಯ ಪಠ್ಯಪುಸ್ತಕದಲ್ಲಿ ಸಾಮಾನ್ಯವಾಗಿ ಸಿಗದ ಈ ಪ್ರಶ್ನೆಗಳನ್ನು ಸಾವಿರ ಸಲ ಬಿಡಿಸಿದ ಕೈಗೂ ಪರೀಕ್ಷಾ ಕೋಣೆಯಲ್ಲೇ ಮೊದಲ ಸಲ ನೋಡಿದ ಕಣ್ಣಿಗೂ ಪೈಪೋಟಿ ಎಲ್ಲಿಯದು? ಬೆಳಿಗ್ಗೆ ಒಂದು ತಾಸು ಮುಂಚೆ ಬಂದು, ಸ್ವಂತ ದುಡ್ಡಿನಲ್ಲಿ ಗೈಡ್ ತಂದು ಏಳೆಂಟು ಮಕ್ಕಳಿಗೆ ಇದನ್ನು ಹೇಳಿಕೊಡುವ ಸರ್ಕಾರಿ ಶಿಕ್ಷಕರು ಇದ್ದಾರೆ. ಅವರ ಜಾಹೀರಾತು ಯಾರೂ ಹಾಕುವುದಿಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಶಾಲೆಗೆ ಸೇರಿಸಿಕೊಳ್ಳಲು ಮಗುವನ್ನು ಪರೀಕ್ಷೆಗೆ ಒಡ್ಡುವಂತಿಲ್ಲ. ಆದರೆ ಅದೇ ಕಾಯ್ದೆ ನವೋದಯ, ಸೈನಿಕ ಶಾಲೆಗಳನ್ನು ‘ನಿರ್ದಿಷ್ಟ ವರ್ಗ’ವೆಂದು ಬೇರೆಯಾಗಿಯೇ ಹೆಸರಿಸಿದೆ. ಇರಲಿ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿ 16 ವರ್ಷದೊಳಗಿನವರನ್ನು ಕೋಚಿಂಗ್ ಸೆಂಟರ್‌ಗಳು ಸೇರಿಸಿಕೊಳ್ಳಬಾರದು ಎನ್ನುತ್ತದೆ. ಹತ್ತು ವರ್ಷದವರಿಗೆ ಹಾಸ್ಟೆಲ್ ನಡೆಸುವವರಿಗೆ ಅದರ ಪ್ರತಿ ಇನ್ನೂ ತಲುಪಿಲ್ಲವೆಂದು ಕಾಣುತ್ತದೆ.

ನವೋದಯ, ಮೊರಾರ್ಜಿ ಶಾಲೆಗಳನ್ನು ಮುಚ್ಚಿ ಎನ್ನುವವರ ಪೈಕಿ ನಾನಲ್ಲ. ಕೂಲಿ ಮಾಡುವವರ ಮಕ್ಕಳು ಅಲ್ಲಿ ಓದಿ ಡಾಕ್ಟರಾಗಿದ್ದಾರೆ, ಅಧಿಕಾರಿಗಳಾಗಿದ್ದಾರೆ. ನಾನು ಕೇಳುವುದು ಇಷ್ಟೆ: ಪರೀಕ್ಷೆಯಲ್ಲಿ ಇಂತಿಷ್ಟು ಅಂಕ ಬಂದರೆ ಸಾಕು ಎಂದು ಒಂದು ಗೆರೆ ಎಳೆಯಿರಿ, ಆ ಗೆರೆ ದಾಟಿದವರ ನಡುವೆ ಈಗಿನ ಮೀಸಲಾತಿಗೆ ಧಕ್ಕೆಯಾಗದಂತೆ ಲಾಟರಿ ಎತ್ತಿ. ಜಾಣತನವನ್ನು ಅದೃಷ್ಟಕ್ಕೆ ಬಿಡುವುದೇ ಎಂದು ಹುಬ್ಬೇರಿಸುವವರು ಒಂದು ಲೆಕ್ಕ ಹಾಕಲಿ. ಈ ಪರೀಕ್ಷೆಯಲ್ಲಿ ಒಂದು ಪ್ರಶ್ನೆಗೆ ಒಂದೂಕಾಲು ಅಂಕ, ಸರಾಸರಿ ಸಿಗುವ ಸಮಯ ಒಂದೂವರೆ ನಿಮಿಷ. ಓಎಂಆರ್ ಹಾಳೆಯಲ್ಲಿ ಒಂದು ವೃತ್ತ ತಪ್ಪಿ ತುಂಬಿದರೆ ಆರರಿಂದ ಹನ್ನೆರಡನೇ ತರಗತಿವರೆಗಿನ ಏಳು ವರ್ಷ ಕೈಜಾರಬಹುದು, ಆರನೇ ತರಗತಿಯ ಈ ಪರೀಕ್ಷೆಗೆ ಎರಡನೇ ಅವಕಾಶವೂ ಇಲ್ಲ. ಇದರಲ್ಲಿ ಅದೃಷ್ಟ ಇಲ್ಲವೇ? ಕೇಂದ್ರೀಯ ವಿದ್ಯಾಲಯದ ಒಂದನೇ ತರಗತಿಗೆ ಲಾಟರಿ ಎತ್ತುತ್ತಾರೆ, ಯಾವ ಆಕಾಶವೂ ಕಳಚಿ ಬಿದ್ದಿಲ್ಲ. ಅಂಚಿನ ಒಂದು ಅಂಕಕ್ಕೆ ಬೆಲೆ ಇಲ್ಲದಾದರೆ ಅದನ್ನು ಮಾರುವ ಅಂಗಡಿಯ ವ್ಯಾಪಾರವೂ ತಗ್ಗುತ್ತದೆ.

ಲಾಟರಿ ತರಲು ದೆಹಲಿಯೇ ಮನಸ್ಸು ಮಾಡಬೇಕು. ಆದರೆ ನಮ್ಮ ಕ್ಷೇತ್ರ ಶಿಕ್ಷಣಾಧಿಕಾರಿಗಳು ಮಾಡಬಹುದಾದದ್ದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಶಾಲೆ ನಡೆಯುವ ಯಾವುದಾದರೂ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ, ಮೊದಲೇ ಫೋನ್ ಮಾಡದೆ, ಒಂದು ಕೋಚಿಂಗ್ ಹಾಸ್ಟೆಲ್‌ಗೆ ಹೋಗಲಿ. ಅಲ್ಲಿ ಕೂತ ಮಕ್ಕಳ ಹೆಸರು ಬರೆದುಕೊಂಡು, ಅವರವರ ಊರಿನ ಶಾಲೆಯ ಅದೇ ದಿನದ ಹಾಜರಿಗೆ ಹೋಲಿಸಲಿ. ಸಂಜೆಯೊಳಗೆ ಪಟ್ಟಿ ಸಿದ್ಧವಾಗುತ್ತದೆ. ಅದನ್ನು ಜಾಹೀರಾತು ಹಾಕಿದ ಪುಟದಲ್ಲೇ ಪ್ರಕಟಿಸುವ ಧೈರ್ಯ ಸಂಪಾದಕರಿಗೂ ಇರಲಿ.

– ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ, ಬಾಗಲಕೋಟೆ ಜಿಲ್ಲೆ