ದೂರು ಬಂತೆಂದು ಬಾಗಿಲು ಹಾಕಬೇಕೇ?

ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತವರ ಮಕ್ಕಳು ಇಂದು ಕಂಪ್ಯೂಟರ್ ಕೆಲಸದಲ್ಲಿದ್ದಾರೆ. ಅವರಲ್ಲಿ ಒಂದಿಬ್ಬರು ಟಾರ್ ಎಂಬ ಜಾಲಕ್ಕೆ ರಿಲೇ ನಡೆಸಲು ಹೊರಟಿದ್ದಾರೆ. ಆದರೆ ಸ್ಪ್ಯಾಮಿನ ದೂರು ಬಂದೊಡನೆ ನಿಲ್ಲಿಸಿಬಿಡುತ್ತೇವೆ ಎನ್ನುತ್ತಾರೆ. ಇದು ನನಗೆ ಒಪ್ಪಿಗೆಯಿಲ್ಲ.

ಸಂಘ ಕಟ್ಟುವವನು, ಪತ್ರಿಕೆಗೆ ಸುದ್ದಿ ಕೊಡುವವನು, ಗಂಡನ ಹೊಡೆತಕ್ಕೆ ಹೆದರಿ ಸಹಾಯ ಹುಡುಕುವ ಹೆಣ್ಣುಮಗಳು, ಇಂಥವರು ಗುರುತು ಕೊಡದೆ ಇಂಟರ್ನೆಟ್ ಬಳಸಲು ಇರುವ ದಾರಿ ಟಾರ್. ಮಾಲಿಕರ ಕಣ್ಣು ತಪ್ಪಿಸಿ ಚಂದಾ ಕೂಡಿಸಿದ ನಮಗೆ ಇದರ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಳುಹಿಸಿದ್ದು ಮೂರು ರಿಲೇಗಳನ್ನು ದಾಟಿ ಹೋಗುತ್ತದೆ. ಕಳುಹಿಸಿದವನಾರು, ಹೋದದ್ದೆಲ್ಲಿಗೆ ಎಂಬೆರಡೂ ಯಾವ ಒಂದು ರಿಲೇಗೂ ತಿಳಿಯದು. ಹೊರಗಿನವರಿಗೆ ಕಾಣುವುದು ಕೊನೆಯ ರಿಲೇಯ ವಿಳಾಸ ಮಾತ್ರ. ಸಾಂಬಾರು ಹಳಸಿದ್ದರೆ ಗಿರಾಕಿ ಬೈಯುವುದು ತಂದಿಟ್ಟ ಮಾಣಿಯನ್ನೇ ಅಲ್ಲವೇ?

ಮೈಲನ್ನು ನೇರವಾಗಿ ಸಾಗಿಸುವ ೨೫ನೆಯ ಪೋರ್ಟನ್ನು ಟಾರ್ ಮುಚ್ಚಿಯೇ ಕೊಡುತ್ತದೆ. ನಡೆಸುವವನು ತಾನಾಗಿ ತೆರೆಯದಿದ್ದರೆ ಆ ದಾರಿಯಲ್ಲಿ ಸ್ಪ್ಯಾಮ್ ಹೊರಡದು. ಆದರೂ ದೂರು ಬರುತ್ತದೆ. ಯಾರೋ ವೆಬ್‌ಮೈಲ್ ಖಾತೆಯಿಂದ ಕಳುಹಿಸಿರುತ್ತಾರೆ, ಇಲ್ಲವೆ ಮತ್ತೊಬ್ಬರ ಪುಟದಲ್ಲಿ ಜಾಹೀರಾತು ಗೀಚಿರುತ್ತಾರೆ.

ದೂರು ಸಾಮಾನ್ಯವಾಗಿ ಮೊದಲು ಸರ್ವರ್ ಬಾಡಿಗೆಗೆ ಕೊಟ್ಟ ಕಂಪೆನಿಗೆ ಹೋಗುತ್ತದೆ. ನಾವು ಬಾಯಿ ಮುಚ್ಚಿ ಕುಳಿತರೆ ಅವರು ಸರ್ವರನ್ನೇ ನಿಲ್ಲಿಸಬಹುದು. ಆದ್ದರಿಂದ ಅದೇ ದಿನ ಉತ್ತರ ಬರೆಯಬೇಕು. ಇದು ಟಾರ್ ರಿಲೇ, ಕಳುಹಿಸಿದವನು ನಾನಲ್ಲ, ಅವನಾರೆಂಬುದು ನನಗೂ ತಿಳಿಯದು. ಟಾರಿನ ಹೊರದಾರಿಗಳ ಪಟ್ಟಿ ಬಹಿರಂಗವಾಗಿದೆ, ಬೇಕಾದರೆ ನೀವು ನಿಮ್ಮ ಕಡೆಯಿಂದ ತಡೆಯಬಹುದು. ಇಷ್ಟು ಸಾಕು. ಟಾರ್ ಸಂಸ್ಥೆ ಮಾದರಿ ಉತ್ತರಗಳನ್ನೂ ಬರೆದಿಟ್ಟಿದೆ. ಜಗಳ ಬೇಡ, ದೂರಿದವನಿಗೂ ಕಾಟವಾಗಿರುತ್ತದೆ. ಆದರೆ ಇನ್ನು ಮುಂದೆ ಹೀಗಾಗದು ಎಂದು ಮಾತು ಕೊಡಬಾರದು, ಅದು ನಮ್ಮ ಕೈಲಿಲ್ಲ. ಯಾರೆಂದು ಪತ್ತೆಮಾಡಲು ಜನರ ಓಡಾಟವನ್ನು ಬರೆದಿಡುತ್ತೇನೆ ಎನ್ನುವುದಂತೂ ನಂಬಿದವರಿಗೆ ಬಗೆವ ದ್ರೋಹ.

ಹೊರದಾರಿಯ ರಿಲೇಯನ್ನು ಮನೆಯ ಇಂಟರ್ನೆಟ್ಟಿನಿಂದ ನಡೆಸಬೇಡಿ, ಪೊಲೀಸರು ಮೊದಲು ಬಡಿಯುವುದು ಆ ಬಾಗಿಲನ್ನೇ. ಕಂಪೆನಿಗೆ ಮೊದಲೇ ತಿಳಿಸಿ, ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ಅಷ್ಟು ಧೈರ್ಯವಿಲ್ಲದವರು ನಡುವಿನ ರಿಲೇ ನಡೆಸಲಿ. ಅದರ ವಿಳಾಸ ಹೊರಗಿನ ಸೈಟುಗಳಿಗೆ ಕಾಣದು, ಸ್ಪ್ಯಾಮಿನ ದೂರೂ ಅದರ ತನಕ ಬರುವುದಿಲ್ಲ. ಕೆಲಸ ಮಾತ್ರ ಅದೇ ಜಾಲದ್ದು.