ಗಾಂಧಿ ಕ್ಲಾಸು

ಪರೀಕ್ಷೆಯ ಫಲಿತಾಂಶ ಬಂದ ದಿನ ನಮ್ಮ ಕಾಲೇಜಿನ ಪಡಸಾಲೆಯಲ್ಲಿ ತಪ್ಪದೆ ಕೇಳಿಬರುವ ಮಾತೊಂದಿದೆ: 'ಗಾಂಧಿ ಕ್ಲಾಸು.' ಮೂರನೆಯ ವರ್ಗದಲ್ಲಿ ತೇರ್ಗಡೆಯಾದವನಿಗೆ ಸಲ್ಲುವ ಬಿರುದು ಅದು. ರಾಜಕಾರಣಿಗಳ ಹೆಸರಿನಿಂದ ಹುಟ್ಟಿದ ಆಡುಮಾತುಗಳು ಬೇರೆಯೂ ಇವೆ. 1967ರಲ್ಲಿ ಹರಿಯಾಣದ ಶಾಸಕ ಗಯಾಲಾಲರು ಎರಡು ವಾರದೊಳಗೆ ಮೂರು ಸಲ ಪಕ್ಷ ಬದಲಿಸಿದ್ದರಿಂದ 'ಆಯಾರಾಮ ಗಯಾರಾಮ' ಹುಟ್ಟಿತು. ನಮ್ಮ ಕನ್ನಡ ಪತ್ರಿಕೆಗಳೂ ಅದನ್ನು ಬಳಸುತ್ತವೆ. ಮಾಡಿದ್ದಕ್ಕೆ ತಕ್ಕ ಹೆಸರು, ತಕರಾರಿಲ್ಲ. ಆದರೆ ಗಾಂಧೀಜಿ ಮಾಡಿದ ತಪ್ಪೇನು? (ಅವರನ್ನು ರಾಜಕಾರಣಿ ಎಂದದ್ದಕ್ಕೆ ಅಧ್ಯಾಪಕರು ಹುಬ್ಬೇರಿಸಬಾರದು, 1924ರ ಬೆಳಗಾವಿ ಕಾಂಗ್ರೆಸ್ಸಿನ ಅಧ್ಯಕ್ಷರು ಅವರೇ.)

ಅವರು ರೈಲಿನ ಮೂರನೆಯ ದರ್ಜೆಯಲ್ಲಿ ದೇಶ ಸುತ್ತಿದರು. ಅಲ್ಲಿಯ ಹೊಲಸು, ನೂಕುನುಗ್ಗಲುಗಳ ಬಗ್ಗೆ 1917ರಲ್ಲಿ ಬರೆದರು. ಮಾತಿನ ಮೂಲ ಇದೇ ಇರಬೇಕು. ಟಾಕೀಸಿನ ಪರದೆಯ ಮುಂದಿನ ಅಗ್ಗದ ಜಾಗಕ್ಕೂ ಅದೇ ಹೆಸರಾಯಿತು. ರೈಲಿನ ಮೂರನೆಯ ದರ್ಜೆ 1974ರಲ್ಲಿ ಹೋಯಿತು, ಮಾತು ಉಳಿಯಿತು.

ನಮ್ಮ ತಂದೆಯವರು ಗಜೇಂದ್ರಗಡದಲ್ಲಿ ಮಗ್ಗದ ಮೇಲೆ ಸೀರೆ ನೇಯುವವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನನ್ನ ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ ಓಣಿಯ ಹುಡುಗನೊಬ್ಬ, "ಕಾಕಾ, ನಿಮ್ಮ ಮಗಾ ಗಾಂಧಿ ಕ್ಲಾಸಿನ್ಯಾಗ ಪಾಸಾಗ್ಯಾನ" ಎಂದು ನಕ್ಕ. ಆ ನಗೆ ತಂದೆಯವರಿಗೆ ತಿಳಿಯಲಿಲ್ಲ. ಗಾಂಧೀಜಿಯ ಹೆಸರಿನ ಕ್ಲಾಸೆಂದರೆ ಎಲ್ಲಕ್ಕೂ ಮೇಲಿನದೇ ಇರಬೇಕೆಂದು ಓಣಿತುಂಬ ಸಕ್ಕರೆ ಹಂಚಿದರು. ನಾನು ಒಳಗೆ ಗೋಡೆಗೆ ಮುಖ ಮಾಡಿ ಕುಳಿತಿದ್ದೆ.

ಗಾಂಧೀಜಿಗೆ ಅವಮಾನವಾಯಿತೆಂದು ನಾನು ದೂರುತ್ತಿಲ್ಲ. 1887ರ ಮೆಟ್ರಿಕ್ಕಿನಲ್ಲಿ ಅವರಿಗೆ ಬಂದದ್ದು 625ಕ್ಕೆ 247½ ಅಂಕ, ನೂರಕ್ಕೆ 40 ಕೂಡ ಮುಟ್ಟಲಿಲ್ಲ. ಈ ಮಾತು ಕೇಳಿದ್ದರೆ ಅವರೂ ನಗುತ್ತಿದ್ದರೇನೋ! ಆದರೆ ಬ್ಯಾರಿಸ್ಟರ್ ಗಾಂಧಿಯವರು ಮೇಲಿನ ದರ್ಜೆಯ ಟಿಕೀಟು ಕೊಳ್ಳಬಲ್ಲವರಾಗಿದ್ದೂ ಕೆಳಗಿನದನ್ನು ಆರಿಸಿಕೊಂಡರು. ನಮ್ಮ ತಂದೆಯವರು ಟಾಕೀಸಿನ ನೆಲದ ಮೇಲೆ ಕುಳಿತದ್ದು ಕಿಸೆಯಲ್ಲಿ ಅಷ್ಟೇ ದುಡ್ಡಿದ್ದುದರಿಂದ. ರೋಣ, ನರಗುಂದಗಳ ಹಳ್ಳಿಗಳಿಂದ ಬಸ್ಸಿನಲ್ಲಿ ನಿಂತು ಬಂದು, ಸುಗ್ಗಿಯಲ್ಲಿ ವಾರಗಟ್ಟಲೆ ಹೊಲದಲ್ಲಿ ದುಡಿದು ಪರೀಕ್ಷೆಗೆ ಕೂಡ್ರುವ ಗೆಳೆಯರದೂ ಅದೇ ಕತೆ. ಮನಸಾರೆ ಕುಳಿತವನಿಗೂ ಬೇರೆ ದಾರಿಯಿಲ್ಲದೆ ಕುಳಿತವನಿಗೂ ಈ ಮಾತು ಒಂದೇ ಟೋಪಿ ತೊಡಿಸುತ್ತದೆ. ತನ್ನ ಬಗ್ಗೆ ತಾನೇ ಹೇಳಿಕೊಂಡರೆ ಅದು ವಿನೋದ. ಮೊದಲ ವರ್ಗದವರು ಇನ್ನೊಬ್ಬನಿಗೆ ಅನ್ನಬಾರದೆಂಬುದು ನನ್ನ ಅಭಿಪ್ರಾಯ.

ತಂದೆಯವರಿಗೆ ನಾನು ಇಂದಿಗೂ ಅದರ ಅರ್ಥ ಹೇಳಿಲ್ಲ. ಮೊನ್ನೆ ಮಗ್ಗದ ಕುಣಿಯಲ್ಲಿ ಕುಳಿತಲ್ಲಿಂದಲೇ ಕೇಳಿದರು: "ಬಿ.ಎ. ಸುದ್ದಾ ಗಾಂಧಿ ಕ್ಲಾಸಿನ್ಯಾಗ ಆಗತೈತಿಲ್ಲೊ ತಮ್ಮಾ?"